ಕ್ಲೋನ್‌ಝಿಲ್ಲಾ: ಕಾಸು ಕೇಳಲ್ಲ, ಜಾಗ ಕೇಳುತ್ತೆ

ನಮ್ಮದು ಲಗ್ನಪತ್ರಿಕೆ, ಬಿಲ್ ಬುಕ್ ಮಾಡುವ ಸಣ್ಣ ಡಿಟಿಪಿ ಅಂಗಡಿ. ವಿಂಡೋಸ್ ಹೊಸದಾಗಿ ಹಾಕುವುದು ದೊಡ್ಡ ಕೆಲಸವೇನಲ್ಲ. ತಲೆನೋವು ಶುರುವಾಗುವುದು ಆಮೇಲೆ. ಪೇಜ್‌ಮೇಕರ್, ನುಡಿ, ಹಳೇ ಆಸ್ಕಿ ಫಾಂಟ್‌ಗಳು, ಸಿಡಿ ಕಳೆದುಹೋದ ಪ್ರಿಂಟರ್‌ನ ಡ್ರೈವರ್... ಅದಕ್ಕೇ ವರ್ಷಗಳಿಂದ ಡಿಸ್ಕ್ ಇಮೇಜ್, ಅಂದರೆ ಇಡೀ ಡಿಸ್ಕ್‌ನ ನಕಲು, ತೆಗೆದಿಡಲು ಕ್ಲೋನ್‌ಝಿಲ್ಲಾ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ತೈವಾನ್‌ನವರು ಮಾಡಿದ್ದು, ಪೂರ್ತಿ ಉಚಿತ.

ತಿಂಗಳ ಕೊನೆಯ ಶನಿವಾರ ಶಟರ್ ಅರ್ಧ ಎಳೆದು, ಕ್ಲೋನ್‌ಝಿಲ್ಲಾ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡುತ್ತೇನೆ. ವಿಂಡೋಸ್ ಬೇಗ ಶುರುವಾಗಲೆಂದು ಪೂರ್ತಿ ಮುಚ್ಚದೇ ಇಡುವ ಫಾಸ್ಟ್ ಸ್ಟಾರ್ಟಪ್ ಆಫ್ ಇರಬೇಕು, ಇಲ್ಲದಿದ್ದರೆ ಪಾರ್ಟಿಶನ್ (ಡಿಸ್ಕ್‌ನ ಭಾಗ) ಸರಿಯಾಗಿ ಮುಚ್ಚಿಲ್ಲ ಅಂತ ತಕರಾರು. ಮೌಸ್ ಕೆಲಸವಿಲ್ಲ, ಆ್ಯರೋ, ಸ್ಪೇಸ್, ಎಂಟರ್, ಅಷ್ಟೇ. ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು. ನಾನು ಅದನ್ನು ನಂಬುವುದಿಲ್ಲ, ಪಕ್ಕದಲ್ಲಿ ಬರುವ ಜಿಬಿ ಮತ್ತು ಮಾಡೆಲ್ ನಂಬರ್ ನೋಡುತ್ತೇನೆ. ಇಮೇಜ್ ಇಡುವ ಹೊರಗಿನ ಡಿಸ್ಕ್ ಮೇಲೆ ಬಿಳಿ ಟೇಪ್ ಅಂಟಿಸಿ ಅದೇ ನಂಬರ್ ಬರೆದಿಟ್ಟಿದ್ದೇನೆ. ರಿಸ್ಟೋರ್ ಮಾಡುವಾಗ, ಅಂದರೆ ಇಮೇಜ್ ಡಿಸ್ಕ್‌ಗೆ ವಾಪಸ್ ಇಳಿಸುವಾಗ, ಎರಡು ಸಲ 'ವೈ' ಒತ್ತಿಸಿಕೊಳ್ಳುತ್ತದೆ. ತಪ್ಪು ಡಿಸ್ಕ್ ಆದರೆ ಅದರಲ್ಲಿದ್ದದ್ದೆಲ್ಲ ಹೋಯಿತು, ಹಾಗಾಗಿ ಕೇಳಲಿ ಬಿಡಿ.

ಇಮೇಜ್ ಕೂಡ ಚಿಕ್ಕದು. ಫೈಲ್ ಇರುವ ಬ್ಲಾಕ್‌ಗಳನ್ನಷ್ಟೇ ಎತ್ತಿಕೊಂಡು, ಅದನ್ನೂ ಕಂಪ್ರೆಸ್ ಮಾಡಿ ಇಡುತ್ತದೆ.

ಇಲ್ಲಿಯವರೆಗೆ ಚಿನ್ನ. ಕಳೆದ ಮದುವೆ ಸೀಸನ್‌ನಲ್ಲಿ ನಮ್ಮ 1 ಟಿಬಿ ಹಾರ್ಡ್ ಡಿಸ್ಕ್ ಟಕ್ ಟಕ್ ಅಂದು ಕೈಕೊಟ್ಟಿತು. ಬಜೆಟ್ ನೋಡಿಕೊಂಡು 500 ಜಿಬಿ ಎಸ್‌ಎಸ್‌ಡಿ ತಂದೆ. ಒಳಗಿದ್ದ ಸಾಮಾನು 100 ಜಿಬಿಯೂ ಇಲ್ಲ. ಆದರೂ ಇಮೇಜ್ ಅದಕ್ಕೆ ಇಳಿಯದು! ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು ಅನ್ನುವುದು ಇದರ ನಿಯಮ. ಅವರ ಸೈಟ್‌ನಲ್ಲೇ ಹಾಗೆ ಬರೆದಿದ್ದಾರೆ. ಪಾರ್ಟಿಶನ್ ಅಳತೆ ನೋಡುತ್ತದೆಯೇ ಹೊರತು ಒಳಗೆಷ್ಟು ತುಂಬಿದೆ ಅಂತ ಕೇಳುವುದೇ ಇಲ್ಲ.

ಸುತ್ತು ದಾರಿ ಇದೆ. ಇನ್ನೊಂದು 1 ಟಿಬಿ ಡಿಸ್ಕ್‌ಗೆ ಇಮೇಜ್ ಇಳಿಸಬೇಕು. ಪಾರ್ಟಿಶನ್ ಅಳತೆ ಬದಲಿಸುವ ಜಿಪಾರ್ಟೆಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದನ್ನು ಕುಗ್ಗಿಸಬೇಕು. ಆಮೇಲೆ ಕ್ಲೋನ್‌ಝಿಲ್ಲಾದ ಎಕ್ಸ್‌ಪರ್ಟ್ ಮೋಡ್‌ಗೆ ಹೋಗಿ, ಡಿಸ್ಕ್ ಅಳತೆ ನೋಡಬೇಡ ಅನ್ನುವ ಐಸಿಡಿಎಸ್, ಪಾರ್ಟಿಶನ್‌ಗಳನ್ನು ಹೊಸ ಅಳತೆಗೆ ಹೊಂದಿಸುವ ಕೆ1, ಈ ಎರಡೂ ಆಯ್ಕೆಗಳನ್ನು ಟಿಕ್ ಮಾಡಿ ಎಸ್‌ಎಸ್‌ಡಿಗೆ ನಕಲು ಮಾಡಬೇಕು. ಮೆಕ್ಯಾನಿಕ್ ಅಲ್ಲದವನು ಇದನ್ನೆಲ್ಲ ಯಾಕೆ ಕಲಿಯಬೇಕು, ಹೇಳಿ? ಪಕ್ಕದ ಸ್ಟುಡಿಯೋದಿಂದ ಡಿಸ್ಕ್ ಕಡ ತಂದೆ. ಅತ್ತ ಗಿರಾಕಿ 'ಅಣ್ಣಾ, ಪ್ರೂಫ್ ಆಯ್ತಾ?' ಅಂತ ಫೋನ್ ಮೇಲೆ ಫೋನ್. ಆ ಪ್ರೂಫ್ ಒಂದೇ ಸಾಕು ಅಂದುಕೊಂಡರೂ, ಇಮೇಜ್‌ನೊಳಗಿಂದ ಒಂದೇ ಫೈಲ್ ಎಳೆದುಕೊಳ್ಳಲು ಸುಲಭದ ದಾರಿ ಇಲ್ಲ. ತೆಗೆದರೆ ಪೂರ್ತಿ.

ಕೊನೆಗೆ ಎಸ್‌ಎಸ್‌ಡಿ ಬೂಟ್ ಆಯಿತು. ನುಡಿ ಅದರ ಜಾಗದಲ್ಲೇ ಇತ್ತು, ಪ್ರಿಂಟರ್ ಒಂದು ಮಾತೂ ಕೇಳಲಿಲ್ಲ. ಪತ್ರಿಕೆ ತೆರೆದು ನೋಡಿದರೆ ಒಂದು ಒತ್ತಕ್ಷರವೂ ಒಡೆದಿರಲಿಲ್ಲ. ಫಾಂಟ್ ಜೊತೆ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಹಾಗಾಗಿ ಬಿಡುವುದಿಲ್ಲ, ಬಳಸುತ್ತೇನೆ. ದಿನದ ಕೆಲಸದ ಫೈಲ್‌ಗಳನ್ನು ಮಾತ್ರ ಈಗ ಸಂಜೆ ಬೇರೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ನಿಮಗೂ ಚಿಕ್ಕ ಎಸ್‌ಎಸ್‌ಡಿಗೆ ಹೋಗುವ ಯೋಚನೆ ಇದ್ದರೆ, ಹಳೇ ಡಿಸ್ಕ್ ಜೀವ ಇರುವಾಗಲೇ ಪಾರ್ಟಿಶನ್ ಕುಗ್ಗಿಸಿ ಇಮೇಜ್ ತೆಗೆದಿಡಿ.