ಅಘನಾಶಿನಿ ದಂಡೆಯ ಹೋಂಸ್ಟೇ: ಮಕ್ಕಳಿಲ್ಲದ ಇಬ್ಬರ ಕಡಲ ರಜೆಗೆ ಹೇಗಿದೆ?

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ತಲುಪಿ, ಅಲ್ಲಿಂದ ಅಘನಾಶಿನಿ ನದಿ ಕಡಲು ಸೇರುವ ಕಡೆಗೆ ತಿರುಗಿದರೆ ತೆಂಗಿನ ತೋಟದೊಳಗೆ ಈ ಮನೆ ಸಿಗುತ್ತದೆ. ಬಾಡಿಗೆಗೆ ಕೊಡುವುದು ಮೂರೇ ಕೋಣೆ. ನಾನೂ ನನ್ನ ಪತಿಯೂ ಹಲವು ವರ್ಷಗಳಿಂದ ಇಲ್ಲಿ ಉಳಿಯುತ್ತಿದ್ದೇವೆ, ಮಳೆಗಾಲದಲ್ಲೂ ಉಳಿದಿದ್ದೇವೆ. ನಡೆಸುವವರು ಬೇಡವೆಂದು ಕೇಳಿಕೊಂಡಿರುವುದರಿಂದ ಹೆಸರು ಬರೆಯುವುದಿಲ್ಲ. ಇಂಥ ಮನೆಗಳು ಈ ದಂಡೆಯಲ್ಲಿ ಇನ್ನೂ ಇವೆ. ಆರಿಸಿಕೊಳ್ಳುವಾಗ ಏನನ್ನು ನೋಡಬೇಕು ಎಂಬುದನ್ನು ಹೇಳುತ್ತೇನೆ.

ನಮಗೆ ಮಕ್ಕಳಿಲ್ಲ. ಕರಾವಳಿಯ ಬಹುತೇಕ ಪ್ಯಾಕೇಜುಗಳನ್ನು ಮಕ್ಕಳೊಂದಿಗೆ ಬರುವ ಕುಟುಂಬಗಳಿಗಾಗಿ ಇಲ್ಲವೇ ರಾತ್ರಿಯಿಡೀ ಕುಣಿಯಬಯಸುವ ಯುವಕರಿಗಾಗಿ ಮಾಡಿರುತ್ತಾರೆ. ಐವತ್ತು ದಾಟಿದ ಇಬ್ಬರು ಸುಮ್ಮನೆ ಕಡಲ ಬದಿಯಲ್ಲಿ ಕುಳಿತುಕೊಳ್ಳಬೇಕೆಂದರೆ ಅದಕ್ಕೆ ಪ್ಯಾಕೇಜ್ ಇಲ್ಲ. ಹಿಂದೆ ಒಂದು ರೆಸಾರ್ಟಿನಲ್ಲಿ ನಾಲ್ವರ ಕೋಣೆಗೆ ಪೂರ್ತಿ ಹಣ ತೆತ್ತು, ಈಜುಕೊಳದ ಪಕ್ಕದ ಧ್ವನಿವರ್ಧಕವನ್ನು ಮಧ್ಯರಾತ್ರಿಯವರೆಗೆ ಕೇಳಿದ್ದೇವೆ. ‘ಮಕ್ಕಳು ಬರಲಿಲ್ಲವೇ?’ ಎಂಬ ಪ್ರಶ್ನೆಗೆ ಸ್ವಾಗತಕಾರರಿಂದ ಹಿಡಿದು ಊಟ ಬಡಿಸುವವರವರೆಗೆ ಉತ್ತರಿಸಿದ್ದೇವೆ. ಈ ಮನೆಯಾಕೆ ಮೊದಲ ದಿನ ಕೇಳಿದ್ದು ಒಂದೇ: ‘ಅಕ್ಕ, ಊಟಕ್ಕೆ ಮೀನು ಆಗುತ್ತದೆಯೇ?’ ಪತಿಗೆ ಆಗುತ್ತದೆ, ನನಗೆ ಆಗುವುದಿಲ್ಲ ಎಂದೆ. ಅಂದಿನಿಂದ ನನ್ನ ಅಡುಗೆಗೆ ಬೇರೆ ಪಾತ್ರೆ, ಬೇರೆ ಒಲೆ. ಹೇಳಿ ನೆನಪಿಸಬೇಕಾದ ಸಂದರ್ಭ ಒಮ್ಮೆಯೂ ಬಂದಿಲ್ಲ. ಅವರಿಗೆ ಬಂಗುಡೆ ಸಾರು, ಬಳಚಿನ (ಚಿಪ್ಪುಮೀನಿನ) ಸುಕ್ಕ. ನನಗೆ ತಂಬುಳಿ, ಮುರುಗಲು ಸಾರು. ಕಗ್ಗದ ಅಕ್ಕಿ ಸಿಕ್ಕಿದ ದಿನ ಇಬ್ಬರಿಗೂ ಅದರದ್ದೇ ಗಂಜಿ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲೂ ಬೆಳೆಯುವ ಭತ್ತ ಅದು. ಬೆಳೆಯುವವರು ಕಡಿಮೆಯಾಗುತ್ತಿರುವುದರಿಂದ ಸಿಕ್ಕಾಗ ಬಿಡಬೇಡಿ.

ಮಕ್ಕಳಿಲ್ಲದವರಿಗೆ ಶಾಲೆಯ ರಜೆಯ ಹಂಗಿಲ್ಲ. ಯೋಜನೆ ಹಾಕುವಾಗ ಈ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಳ್ಳಿ. ದಸರೆ, ಕ್ರಿಸ್ಮಸ್, ಏಪ್ರಿಲ್–ಮೇ ತಿಂಗಳುಗಳನ್ನು ಬಿಟ್ಟುಬಿಡಿ. ಮೇ ತಿಂಗಳ ಬೆವರು ಘಟ್ಟದ ಮೇಲಿನವರಿಗೆ ಹೇಗೂ ಸಹಿಸಲಾಗದು. ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ಭಾಗ, ಆಮೇಲೆ ಜನವರಿ ಕೊನೆಯಿಂದ ಶಿವರಾತ್ರಿಗೆ ಮುಂಚಿನವರೆಗೆ ಒಳ್ಳೆಯ ಕಾಲ. ಶಿವರಾತ್ರಿಯ ಹೊತ್ತಿಗೆ ಗೋಕರ್ಣದ ಜನಸಂದಣಿ ಸುತ್ತಲ ಊರುಗಳಿಗೂ ಹರಡುತ್ತದೆ. ಸೋಮವಾರ ಬಂದು ಗುರುವಾರ ಹೊರಡುವಂತೆ ಇಟ್ಟುಕೊಂಡರೆ ಮೂರು ಕೋಣೆಗಳಲ್ಲಿ ಎರಡು ಖಾಲಿ ಇರುತ್ತವೆ, ಬಾಡಿಗೆಯೂ ಇಳಿದಿರುತ್ತದೆ.

ವಾರ ಆರಿಸಿದ ಮೇಲೆ ಪಂಚಾಂಗ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ನೀರು ತುಂಬ ಏರಿ ತುಂಬ ಇಳಿಯುತ್ತದೆ. ಇಳಿತದಲ್ಲಿ ನದಿಯ ನಡುವೆ ಮರಳದಿಬ್ಬಗಳು ಎದ್ದು ಕಾಣುತ್ತವೆ, ಸುತ್ತಲ ಊರಿನವರು ದೋಣಿಯಲ್ಲಿ ಬಂದು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ನಮ್ಮ ದಿನಚರಿಯೂ ಅದರೊಂದಿಗೆ ಜರುಗುತ್ತದೆ. ಇಂದು ತಿಂಡಿಗೆ ಮೊದಲು ನಡಿಗೆಯಾದರೆ ನಾಳೆ ತಿಂಡಿಯ ನಂತರ. ದೊಡ್ಡ ಅಣೆಕಟ್ಟು ಕಾಣದೆ ಹರಿದುಬರುವ ನದಿ ಇದು. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದ ಸುದ್ದಿ ಓದಿ ನಾವಿಬ್ಬರೂ ಈ ಹೋಂಸ್ಟೇ ಮನೆಯವರಿಗೆ ಫೋನ್ ಮಾಡಿ ಸಂತೋಷಪಟ್ಟೆವು.

ಆದರೆ ಅಳಿವೆಯ ಬಾಯಲ್ಲಿ ಈಜಬೇಡಿ. ಇಳಿತದ ಸೆಳೆತ ನೇರವಾಗಿ ಕಡಲಿಗೆ ಎಳೆಯುತ್ತದೆ, ಈಜು ಬಲ್ಲವರಿಗೂ ತಡೆಯಲಾಗುವುದಿಲ್ಲ. ನೀರಿಗೆ ಇಳಿಯಲೇಬೇಕೆಂದರೆ ಹೊನ್ನಾವರದ ಕಾಸರಕೋಡಿಗೆ ಹೋಗುತ್ತೇವೆ. ಸ್ವಚ್ಛತೆ, ಸುರಕ್ಷತೆಗಾಗಿ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಡಲತೀರ ಅದು, ಜೀವರಕ್ಷಕರಿರುತ್ತಾರೆ. ಒಂದು ದಿನ ದೋಣಿಯಲ್ಲಿ ತದಡಿಗೆ ದಾಟಿ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡುವುದು, ಇನ್ನೊಂದು ದಿನ ಮಿರ್ಜಾನ ಕೋಟೆ. ಕಾರವಾರಕ್ಕೆ ಹೋದರೆ ಟ್ಯಾಗೋರ್ ಕಡಲತೀರದ ಚಪಲ್ ಯುದ್ಧನೌಕೆ ನೋಡಿ ಸಂಜೆಗೆ ಮರಳಬಹುದು.

ಮಳೆಗಾಲದ ಬಗ್ಗೆ ಹಲವರು ಕೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಇಸ್ವಾಣದಂಥ ಕಡಲಮೀನು ಬೇಕೆಂದು ಹಟ ಹಿಡಿದರೆ ಮಂಜುಗಡ್ಡೆಯಲ್ಲಿಟ್ಟ ಹಳೆಯ ಮೀನು ತಟ್ಟೆಗೆ ಬರುತ್ತದೆ. ಈ ಮನೆಯಾಕೆ ಅದನ್ನು ಬಡಿಸುವುದಿಲ್ಲ. ಹೊಳೆಮೀನು ಸಿಕ್ಕರೆ ಅದು, ಇಲ್ಲವಾದರೆ ಒಣಮೀನು ಎಂದು ಮೊದಲೇ ಹೇಳುತ್ತಾರೆ. ಆ ನೇರ ಮಾತಿಗಾಗಿಯೇ ನನಗೆ ಇವರ ಮೇಲೆ ವಿಶ್ವಾಸ. ಆದರೆ ಕೋಣೆಗಳು ಮಳೆಗಾಲಕ್ಕೆ ತಕ್ಕುದಾಗಿಲ್ಲ. ಹಾಸಿಗೆಗೆ ತೇವದ ವಾಸನೆ ಹಿಡಿಯುತ್ತದೆ, ಬಟ್ಟೆ ಒಣಗುವುದಿಲ್ಲ, ವಿದ್ಯುತ್ ಹೋದರೆ ಇನ್ವರ್ಟರ್ ರಾತ್ರಿಯಿಡೀ ಬರುವುದಿಲ್ಲ.

ಉಳಿದ ಕಾಲದಲ್ಲೂ ಕೊರತೆಗಳಿವೆ. ಮೂಲೆಯ ಕೋಣೆಯ ಬಚ್ಚಲಿಗೆ ಎತ್ತರದ ಮೆಟ್ಟಿಲಿದೆ, ಮಂಡಿ ನೋವಿರುವವರು ನಡುಮನೆಗೆ ಹತ್ತಿರದ ಕೋಣೆಯನ್ನೇ ಕೇಳಿ. ಹಿಡಿಕೆ ಹಾಕಿಸಿ ಎಂದು ನಾವು ಹೇಳುತ್ತಲೇ ಬಂದಿದ್ದೇವೆ, ಇನ್ನೂ ಹಾಕಿಸಿಲ್ಲ. ಮೊಬೈಲ್ ಸಂಕೇತ ಅಂಗಳದಲ್ಲಿ ಮಾತ್ರ ಸಿಗುವುದರಿಂದ ನಗದು ತನ್ನಿ. ಬೆಂಗಳೂರಿನಿಂದ ಬರುವವರಿಗೆ ಕಾರವಾರದ ರಾತ್ರಿ ರೈಲು ಕುಮಟಾದಲ್ಲಿ ನಿಲ್ಲುತ್ತದೆ. ಮೊದಲೇ ತಿಳಿಸಿದರೆ ಮನೆಯವರೇ ಆಟೊ ಕಳುಹಿಸುತ್ತಾರೆ. ಊಟದ ಎಣಿಕೆಯನ್ನು ಹಿಂದಿನ ಸಂಜೆಯೇ ಹೇಳಬೇಕು, ಏಕೆಂದರೆ ಮೀನು ಕೊಳ್ಳಲು ಅವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ.