ಪುಣೆಯ ಫ್ಲ್ಯಾಟಿನಲ್ಲಿ ನವರಾತ್ರಿ: ಘಟವೋ, ಗೊಂಬೆಯೋ?

ಹುಬ್ಬಳ್ಳಿಯ ಅತ್ತೆಮನೆ, ಮೈಸೂರಿನ ತವರು, ಕೋಥ್ರೂಡಿನಲ್ಲಿ ಎರಡು ಕೋಣೆಯ ಫ್ಲ್ಯಾಟು. ಘಟಸ್ಥಾಪನೆ ಮಾಡಲೋ, ಗೊಂಬೆ ಕೂರಿಸಲೋ ಎಂದು ಕೇಳಿದ್ದೀಯ, ತಂಗಿ.

ಮೊದಲು ಅರ್ಥ. ಎರಡೂ ಶುರುವಾಗುವುದು ಆಶ್ವಯುಜ ಶುದ್ಧ ಪಾಡ್ಯದಂದೇ, ಎರಡರ ಹಿಂದೆಯೂ ಮಹಿಷನನ್ನು ಕೊಂದ ದೇವಿಯೇ. ಆದರೆ ಘಟದಲ್ಲಿ ಅವಳು ಮಣ್ಣಿನ ತಾಯಿ. ಕಲಶದ ಸುತ್ತ ಮಣ್ಣಿನಲ್ಲಿ ಬಿತ್ತಿದ ಧಾನ್ಯ ಒಂಬತ್ತು ದಿನದಲ್ಲಿ ಮೊಳೆತು ತಲೆಯೆತ್ತುತ್ತದೆ, ದಿನಕ್ಕೊಂದು ಮಾಲೆ ಏರುತ್ತದೆ. ಇದು ಒಕ್ಕಲುತನದ ಪೂಜೆ ಅಂತಲೇ ನನಗನ್ನಿಸುವುದು. ಗೊಂಬೆಯಲ್ಲಿ ನಡೆಯುವುದು ದರ್ಬಾರು: ಪಟ್ಟದ ರಾಜ-ರಾಣಿ, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಮನೆಯೊಳಗಿನ ನೆರಳು ಎನ್ನು.

ಘಟಕ್ಕೆ ಖರ್ಚು ಕಡಿಮೆ, ಮಂಡಯಿಗೆ, ಅಂದರೆ ಅಲ್ಲಿನ ತರಕಾರಿ ಮಾರುಕಟ್ಟೆಗೆ, ಒಂದು ಸಲ ಹೋಗಿ ಬಂದರಾಯಿತು. ಗೊಂಬೆಗೆ ದುಡ್ಡಿಗಿಂತ ಹೆಚ್ಚಾಗಿ ಎತ್ತಿಡಲು ಅಟ್ಟ ಬೇಕು!

ಆದರೆ ಘಟದ ನಂದಾದೀಪ ಆರಬಾರದು. ಗಂಡ-ಹೆಂಡತಿ ಇಬ್ಬರೂ ಬೀಗ ಹಾಕಿ ಆಫೀಸಿಗೆ ಹೋಗುವ ಮನೆಗೆ ಅದು ಕಷ್ಟ, ಅಪಾಯವೂ ಹೌದು. ಅತ್ತೆ ಬಂದಿರುವ ವರ್ಷ ಘಟ ಇಡು. ಮಗಳಿಗೆ ಕನ್ನಡದ ಕಥೆ ಹೇಳಬೇಕು, ಭೋಂಡ್ಲಾ (ಹುಡುಗಿಯರು ಸುತ್ತುಗಟ್ಟಿ ಹಾಡುತ್ತಾ ಕುಣಿಯುವ ಆಟ) ಆಡಿ ಬಂದ ಅವಳ ಮರಾಠಿ ಗೆಳತಿಯರನ್ನು ಮನೆಗೆ ಕರೆಯಬೇಕು ಅನ್ನಿಸಿದರೆ ಗೊಂಬೆ. ಮೂರೇ ಮೆಟ್ಟಿಲು ಸಾಕು.