ಮಧ್ಯರಾತ್ರಿ ಉಬ್ಬಿದ ಲೈಫ್ ಜಾಕೆಟ್ ಮತ್ತು ಉಳಿದೆರಡು

ಮೊದಲೇ ಹೇಳಿಬಿಡುತ್ತೇನೆ. ಹೋಲಿಸಿ ನೋಡಿದ ಮೂರು ಲೈಫ್ ಜಾಕೆಟ್ಟುಗಳಲ್ಲಿ ನನಗೆ ಇಷ್ಟವಾಗಿದ್ದು ಮುಂದೆ ಜಿಪ್ ಇರುವ, ಫೋಮ್ ತುಂಬಿದ ಕಯಾಕ್ ಜಾಕೆಟ್. ಕಯಾಕ್ ಅಂದರೆ ಹುಟ್ಟು ಹಾಕುವ ಸಣ್ಣ, ಕಿರಿದಾದ ದೋಣಿ, ಅದರವರು ಹಾಕುವಂಥದ್ದು. ಕೊಟ್ಟಿದ್ದು 2,900 ರೂಪಾಯಿ. ಅದರ ಮೂರು ಪಟ್ಟಿಗಿಂತ ಜಾಸ್ತಿ ಸುರಿದು ತಂದ ಇನ್ನೊಂದು ಬಾಗಿಲ ಹಿಂದೆ ನೇತಾಡುತ್ತಿದೆ. ಆ ಹೊಟ್ಟೆಉರಿಗೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಶರಾವತಿ ಹಿನ್ನೀರಿನ ದಂಡೆಯಲ್ಲಿದೆ. ಸಿಗಂದೂರಿನ ಸೇತುವೆ ಆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿತು. ಆದರೆ ಭಾನುವಾರ ಗಾಳ ಹಾಕಲು ನನಗೂ ಭಾವನಿಗೂ ನಮ್ಮ ಸಣ್ಣ ಫೈಬರ್ ದೋಣಿಯೇ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇವತ್ತಿಗೂ ನೀರೊಳಗೆ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಹೊರಗೆ ಹಾಕುತ್ತವೆ. ಹಾಗೆ ಕಾಣುವ ಬೊಡ್ಡೆಗೆ ಯಾರೂ ಹೆದರಬೇಕಾಗಿಲ್ಲ. ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಕೂತಿರುತ್ತವಲ್ಲ, ಅವೇ ಕೆಟ್ಟವು.

ಒಂದು ನವೆಂಬರ್ ಸಂಜೆ ಅಂಥದ್ದೊಂದಕ್ಕೆ ದೋಣಿ ಉಜ್ಜಿತು. ನಾನು ನಿಂತುಕೊಂಡು ಗಾಳ ಎಳೆಯುತ್ತಿದ್ದೆ. ನೇರ ನೀರಿಗೆ ಬಿದ್ದೆ. ಈಜು ಬರುತ್ತದೆ, ಚಿಕ್ಕಂದಿನಿಂದ ಇದೇ ನೀರಲ್ಲಿ ಬೆಳೆದವನು. ಆದರೆ ಜೀನ್ಸ್ ಪ್ಯಾಂಟು, ಸ್ವೆಟರ್ ಹಾಕಿಕೊಂಡು ಈಜಿ ನೋಡಿ, ಗೊತ್ತಾಗುತ್ತದೆ. ಭಾವ ಹುಟ್ಟು ಚಾಚುವಷ್ಟರಲ್ಲಿ ಎರಡು ಸಲ ನೀರು ಕುಡಿದಿದ್ದೆ. ದೋಣಿಯಲ್ಲಿ ಲೈಫ್ ಜಾಕೆಟ್ ಇರಲಿಲ್ಲವಾ ಅಂತ ಕೇಳಬೇಡಿ. ಇತ್ತು. ಹಲಗೆಯ ಕೆಳಗೆ, ಗೊಬ್ಬರದ ಚೀಲದೊಳಗೆ, ಚೆಂದ ಮಡಚಿ ಇಟ್ಟಿದ್ದೆ.

ಆ ಚೀಲದಲ್ಲಿದ್ದಿದ್ದೇ ಹೋಲಿಕೆಯ ಮೊದಲ ಜಾಕೆಟ್. ಪ್ರವಾಸಿ ದೋಣಿಗಳಲ್ಲಿ ಕೊಡುತ್ತಾರಲ್ಲ, ಕಿತ್ತಳೆ ಬಣ್ಣದ, ಲಾಡಿ ಕಟ್ಟುವ ದಪ್ಪ ಫೋಮಿನದು. 650 ರೂಪಾಯಿ. ಎರಡನೆಯದು ತಾನೇ ಉಬ್ಬುವ ಜಾಕೆಟ್, 9,800. ಮೂರನೆಯದು ಆಗಲೇ ಹೇಳಿದ ಕಯಾಕ್ ಜಾಕೆಟ್. ಮೂರನ್ನೂ ಹಾಕಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ, ದಂಡೆಯ ಹತ್ತಿರವೇ ದೋಣಿಯಿಂದ ಹಾರಿದ್ದೇನೆ. ಹಗ್ಗದ ಇನ್ನೊಂದು ತುದಿ ಭಾವನ ಕೈಯಲ್ಲಿತ್ತು. ನಗುತ್ತಾ ಹಿಡಿದಿದ್ದ.

ಜಾಕೆಟ್ ಮೇಲೆ ಇಷ್ಟು ನ್ಯೂಟನ್ ಅಂತ ಬರೆದಿರುತ್ತದೆ. ಹತ್ತು ನ್ಯೂಟನ್ ಅಂದರೆ ಸುಮಾರು ಒಂದು ಕಿಲೋ ಎತ್ತುವ ಶಕ್ತಿ. ನಾನು 84 ಕಿಲೋ ಇದ್ದೇನೆ, 50 ನ್ಯೂಟನ್ ಎಲ್ಲಿ ಸಾಕಾಗುತ್ತದೆ ಅಂತ ನಾನೂ ಮೊದಲು ನಕ್ಕಿದ್ದೆ. ನೀರಿಗೆ ಇಳಿದರೆ ದೇಹದ ತೂಕದ ಬಹುಪಾಲು ನೀರೇ ಹೊರುತ್ತದೆ. ತಲೆ ಮೇಲಿರಲು ದೊಡ್ಡವರಿಗೆ ಬೇಕಾಗುವುದು ಮೂರರಿಂದ ಐದೂವರೆ ಕಿಲೋದಷ್ಟು ಆಸರೆ, ಅಷ್ಟೇ.

ಕಿತ್ತಳೆ ಜಾಕೆಟ್ ಹಾಕಿ ಹಾರಿದೆ. ನಾನು ಕೆಳಗೆ ಹೋದೆ, ಜಾಕೆಟ್ ಮೇಲೆಯೇ ಉಳಿಯಿತು. ಅಂದರೆ ಎದೆಯಿಂದ ಜಾರಿ ಕಿವಿಯವರೆಗೆ ಏರಿತು. ಗಲ್ಲ ಒಳಗೆ ಸಿಕ್ಕಿಕೊಂಡಿತು, ಎದುರಿಗೆ ಬರೀ ಕಿತ್ತಳೆ ಬಟ್ಟೆ. ಕೈಯಿಂದ ಕೆಳಗೆ ಎಳೆದು ಹಿಡಿದುಕೊಂಡೇ ತೇಲಬೇಕಾಯಿತು. ಕೈ ಅದಕ್ಕೇ ಹೋದರೆ ದೋಣಿ ಹಿಡಿಯುವುದು ಯಾವುದರಿಂದ? ಮೇಲೆ ಬಂದ ಮೇಲೆ ಲಾಡಿಯ ಗಂಟು ನೆನೆದು ಬಿಗಿದಿತ್ತು, ಚೂರಿ ಹಾಕಿ ಕೊಯ್ದೆವು. ತೊಡೆಯ ನಡುವೆ ಹಾಯುವ ಒಂದು ಪಟ್ಟಿ ಇದ್ದಿದ್ದರೆ ಇದು ಏರುತ್ತಲೇ ಇರಲಿಲ್ಲ. ಮಕ್ಕಳಿಗೆ ಕೊಳ್ಳುವವರು ಆ ಪಟ್ಟಿ ಇಲ್ಲದ್ದನ್ನು ಮುಟ್ಟಲೇಬೇಡಿ.

ನೀರಿಗೆ ಇಳಿಯದೆ ಪರೀಕ್ಷೆ ಮಾಡುವ ದಾರಿಯೂ ಇದೆ. ಹಾಕಿಕೊಂಡು ನಿಂತು, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲು ಯಾರಿಗಾದರೂ ಹೇಳಿ. ಜಾಕೆಟ್ ಗಲ್ಲ ದಾಟಿದರೆ ಅದು ನಿಮ್ಮ ಅಳತೆಯದಲ್ಲ. ಅಂಗಡಿಯಲ್ಲೇ ಮಾಡಬಹುದು.

ಕಿತ್ತಳೆ ಜಾಕೆಟ್ಟಿನ ಇನ್ನೊಂದು ಗ್ರಹಚಾರ, ಅದನ್ನು ಎಲ್ಲರೂ ಕುಂಡೆಯಡಿ ಹಾಕಿ ಕೂರುತ್ತಾರೆ. ಫೋಮ್ ಒತ್ತಿ ಒತ್ತಿ ತೆಳ್ಳಗಾದಷ್ಟೂ ತೇಲಿಸುವ ಶಕ್ತಿ ಇಳಿಯುತ್ತದೆ. (ಹಿಂದಿನ ಕಾಲದ ಜಾಕೆಟ್ಟುಗಳಲ್ಲಿ ಫೋಮಿನ ಬದಲು ಬೂರುಗದ ಜಾತಿಯ ಹತ್ತಿ ತುಂಬುತ್ತಿದ್ದರು. ಅಜ್ಜಿ ದಿಂಬಿಗೆ ತುಂಬುತ್ತಿದ್ದಳಲ್ಲ, ಅಂಥದ್ದೇ. ಎಳೆಯ ಒಳಗೆ ಟೊಳ್ಳು, ಮೇಲೆ ಮೇಣದ ಹಾಗೆ ಲೇಪ, ನೀರು ಹಿಡಿಯುವುದಿಲ್ಲ.)

ಈಗ ಆ 9,800ರ ಕಥೆ.

ಹಾಕಿಕೊಂಡರೆ ಹೆಗಲ ಮೇಲೆ ಶಾಲು ಹೊದ್ದ ಹಾಗೆ. ಭಾರವೇ ಇಲ್ಲ, ಸೆಕೆಯೂ ಇಲ್ಲ. ಒಳಗೆ ಬೆರಳುದ್ದದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಅದರ ಪಕ್ಕ ನೀರಲ್ಲಿ ಕರಗುವ ಒಂದು ಬಿಲ್ಲೆ. ನೀರಿಗೆ ಬಿದ್ದರೆ ಬಿಲ್ಲೆ ಕರಗುತ್ತದೆ, ಅದು ತಡೆದಿಟ್ಟಿದ್ದ ಸ್ಪ್ರಿಂಗ್ ಬಿಡುತ್ತದೆ, ಸೂಜಿ ಸಿಲಿಂಡರಿಗೆ ತೂತು ಹೊಡೆಯುತ್ತದೆ. 150 ನ್ಯೂಟನ್. ಹಾರಿದಾಗ ಕೆಲವೇ ಸೆಕೆಂಡಿಗೆ ಉಬ್ಬಿ, ನನ್ನನ್ನು ಅಂಗಾತ ತಿರುಗಿಸಿ, ಮುಖ ಮೇಲೆ ಮಾಡಿ ಮಲಗಿಸಿತು. ಕೆಲಸದಲ್ಲಿ ಮೂರರಲ್ಲಿ ಇದೇ ಮೇಲು. ಸುಳ್ಳು ಹೇಳುವುದಿಲ್ಲ.

ಆದರೆ ನಮ್ಮದು ಮಲೆನಾಡು ಅಲ್ವಾ? ಹೊಸ ಸಿಲಿಂಡರ್, ಹೊಸ ಬಿಲ್ಲೆ ಹಾಕಿ ಜಗಲಿಯ ಮೊಳೆಗೆ ನೇತುಹಾಕಿದ್ದೆ. ಜುಲೈ ತಿಂಗಳು. ಗೋಡೆಯೂ ಬೆವರುವ ಕಾಲ. ಒಂದು ರಾತ್ರಿ ಎರಡು ಗಂಟೆಗೆ ಜಗಲಿಯಲ್ಲಿ ಢಬ್ ಎಂದು ಸದ್ದು, ಹಿಂದೆಯೇ ಹಾವು ಬುಸುಗುಟ್ಟಿದ ಹಾಗೆ. ಅಮ್ಮ ಗ್ಯಾಸ್ ಸೋರಿತು ಅಂತ ಕೂಗುತ್ತಾ ಅಂಗಳಕ್ಕೆ ಓಡಿದಳು. ಟಾರ್ಚ್ ಬಿಟ್ಟು ನೋಡಿದರೆ ಗೋಡೆಯ ಮೇಲೆ ಹಳದಿ ಭೂತ ಉಬ್ಬಿ ನಿಂತಿದೆ. ತಿಂಗಳುಗಟ್ಟಲೆ ತೇವ ಹೀರಿ ಬಿಲ್ಲೆ ಸುಮ್ನೆ ಪುಡಿಯಾಗಿತ್ತು.

ಇನ್ನೊಂದು ಕಿಟ್ ಬೇಕು. ಸಿಲಿಂಡರ್, ಬಿಲ್ಲೆ ಸೇರಿ 2,300 ರೂಪಾಯಿ. ಶಿವಮೊಗ್ಗದಲ್ಲಿ ಕೇಳಿದೆ, ಇಲ್ಲ. ಜಾಕೆಟ್ ಮಾರಿದವನಿಗೆ ಫೋನ್ ಮಾಡಿದರೆ ಸ್ಟಾಕ್ ಇಲ್ಲ. ಇನ್ನೊಬ್ಬ ಇದೆ ಅಂದ, ಆದರೆ ಅನಿಲ ತುಂಬಿದ ಸಿಲಿಂಡರಾದ್ದರಿಂದ ಲಾರಿಯಲ್ಲೇ ಬರಬೇಕಂತೆ. ಇಪ್ಪತ್ತಮೂರು ದಿನ ಆಯಿತು. ಬಂದಿದ್ದು 24 ಗ್ರಾಮ್ ಅನಿಲದ್ದು. ನನ್ನದಕ್ಕೆ ಬೇಕಾದದ್ದು 33. ಮಜಾ ಏನೆಂದರೆ ತಿರುಪು ಸರಿಯಾಗಿಯೇ ಕೂತಿತು. ನೋಡದೆ ಹಾಕಿಕೊಂಡು ಹೋಗಿದ್ದರೆ ಅರೆಬರೆ ಉಬ್ಬಿದ ಜಾಕೆಟ್ಟಿನಲ್ಲಿ ತೇಲುತ್ತಿದ್ದೆ. ವಾಪಸ್ ಕಳಿಸಲು ಕೊರಿಯರಿನವ ಒಪ್ಪಲಿಲ್ಲ. ಮತ್ತೆ 2,300.

ಈಗ ಎರಡು ತಿಂಗಳಿಗೊಮ್ಮೆ ಸಿಲಿಂಡರ್ ಬಿಚ್ಚಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ಮೈಮೇಲೆ ತೂಕ ಒತ್ತಿರುತ್ತಾರೆ, ಅದಕ್ಕಿಂತ ಕಡಿಮೆ ಬಂದರೆ ಅನಿಲ ಸೋರಿದೆ ಅಂತ ಅರ್ಥ. ಬಾಯಿಂದ ಊದುವ ನಳಿಗೆ ಇದೆ. ಅದರಲ್ಲಿ ಊದಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬಿಗಿ ಇಳಿದಿದೆಯಾ ನೋಡಬೇಕು. ಗಾಳದ ಕೊಕ್ಕೆ ತಾಗಿದರೆ ಮುಗಿಯಿತು. ಇಷ್ಟೆಲ್ಲ ಶಿಸ್ತು ನನ್ನ ಕೈಲಿ ಎಷ್ಟು ವರ್ಷ ನಡೆಯುತ್ತದೆ? ಬೈಕಿನ ಆಯಿಲ್ ಬದಲಾಯಿಸಲು ಮರೆಯುವವನು ನಾನು.

ಕಯಾಕ್ ಜಾಕೆಟ್ಟಿಗೆ ಬಿಲ್ಲೆಯೂ ಇಲ್ಲ, ತಕ್ಕಡಿಯೂ ಬೇಡ. ಜಿಪ್ ಎಳೆದು, ಎರಡು ಬಕಲ್ ಹಾಕಿ, ಪಕ್ಕದ ಪಟ್ಟಿ ಬಿಗಿದರೆ ಮೈಗೆ ಅಂಟಿಕೊಳ್ಳುತ್ತದೆ. ಹಾರಿದಾಗ ಎರಡು ಬೆರಳು ಏರಿತು, ಅಷ್ಟೇ. ಕೈ ಬಿಡುವಾಗಿದ್ದರಿಂದ ದೋಣಿಯ ಅಂಚು ಹಿಡಿದು ನಾನೇ ಮೇಲೆ ಹತ್ತಿದೆ. ಎದೆಯ ಜೇಬಿನಲ್ಲಿ ಸೀಟಿ, ಇನ್ನೊಂದರಲ್ಲಿ ಕೊಕ್ಕೆಯ ಡಬ್ಬಿ, ಎಲೆಅಡಿಕೆ. ಚಳಿಗಾಲದ ಬೆಳಿಗ್ಗೆ ಸ್ವೆಟರ್ ಬೇಡ. ದಂಡೆಗೆ ಬಂದ ಮೇಲೂ ಬಿಚ್ಚಲು ಮರೆಯುತ್ತೇನೆ, ಒಮ್ಮೆ ಹಾಗೇ ಸಾಗರದ ಪೇಟೆಗೂ ಹೋಗಿದ್ದೆ. ಬೇಸಿಗೆ ಮಧ್ಯಾಹ್ನ ಬೆವರು ಇಳಿಯುತ್ತದೆ, ನಿಜ.

ಇದಕ್ಕೆ ಒಂದು ದೊಡ್ಡ ಕೊರತೆ ಇದೆ. 50 ನ್ಯೂಟನ್, ಕುತ್ತಿಗೆಗೆ ಕಾಲರ್ ಇಲ್ಲ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದರೆ ಇದು ಮುಖವನ್ನು ಮೇಲೆ ತಿರುಗಿಸುವುದಿಲ್ಲ. ಈಜು ಬರುವವರಿಗೆ, ದಂಡೆ ಹತ್ತಿರವಿದ್ದು ಜೊತೆಗೆ ಜನ ಇದ್ದಾಗ ಮಾತ್ರ ಇದು. ಅಕ್ಕನಿಗೆ ಈಜು ಬರುವುದಿಲ್ಲ. ಅವಳಿಗೂ ಮಕ್ಕಳಿಗೂ ಕಾಲರ್, ತೊಡೆಪಟ್ಟಿ ಎರಡೂ ಇರುವ 100 ನ್ಯೂಟನ್ನಿನ ಫೋಮ್ ಜಾಕೆಟ್ ಬೇರೆ ತಂದೆ, ಒಂದಕ್ಕೆ 1,700. ಸಮುದ್ರಕ್ಕೆ ಹೋಗುವವರು ನನ್ನ ಮಾತು ಕೇಳಿ ಕಯಾಕ್ ಜಾಕೆಟ್ ಕೊಳ್ಳಬೇಡಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅಲ್ಲಿನ ಅಲೆಗೂ ನಮ್ಮ ಹಿನ್ನೀರಿಗೂ ಹೋಲಿಕೆಯೇ ಇಲ್ಲ.

ಭಾವನಿಗೆ ಮೂರೂ ಬೇಡವಾಗಿತ್ತು. "ಎಂತಕ್ಕೆ ಮಾರಾಯ, ನಾನು ಮೀನು ಇದ್ದ ಹಾಗೆ" ಎನ್ನುತ್ತಿದ್ದ. ಕಯಾಕ್ ಜಾಕೆಟ್ಟಿನ ಜೇಬು ನೋಡಿದ ಮೇಲೆ ತನಗೂ ಒಂದು ತರಿಸಿಕೊಂಡ. ಕಾರಣ ಯಾವುದಾದರೂ ಆಗಲಿ, ಹಾಕುತ್ತಾನಲ್ಲ.

ಉಬ್ಬುವ ಜಾಕೆಟ್ ಈಗ ಡಿಸೆಂಬರಿನಿಂದ ಮೇವರೆಗೆ ಮಾತ್ರ ಹೊರಗೆ ಬರುತ್ತದೆ. ಮೊದಲ ಮಳೆ ಬೀಳುವ ಮುಂಚೆ ಬಿಲ್ಲೆ ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಅಂಥ ಡಬ್ಬಿ ಇರುವುದು ಒಂದೇ, ಅದು ಹಪ್ಪಳದ್ದು. ಅಮ್ಮ ಮುಚ್ಚಳ ತೆಗೆದಾಗಲೆಲ್ಲ ಕೇಳುತ್ತಾಳೆ, "ಇದೂ ರಾತ್ರಿ ಹೊಡಿತದನಾ?"